ಗೃಹವಿಚಾರ: ಗಣಕಯಂತ್ರದ ದ್ವಾರಪಾಲಕ

ನಮ್ಮ ಗೃಹಸ್ಥರು ಮನೆಯನ್ನು ಕಟ್ಟಿಸುವಾಗ ತಲೆಬಾಗಿಲಿನ ವಿಷಯದಲ್ಲಿ ತೋರುವ ಶ್ರದ್ಧೆಯನ್ನು ಬೇರಾವ ಭಾಗದಲ್ಲಿಯೂ ತೋರುವುದಿಲ್ಲ. ಅದು ಯಾವ ದಿಕ್ಕಿಗೆ ಮುಖಮಾಡಿರಬೇಕು, ಯಾವ ಮರದ್ದಾಗಿರಬೇಕು, ಹೊಸ್ತಿಲು ಎಷ್ಟು ಎತ್ತರವಿರಬೇಕು ಎಂದು ಹತ್ತು ಮಂದಿ ಹಿರಿಯರನ್ನು ಕೇಳಿ, ಒಳ್ಳೆಯ ದಿವಸವನ್ನು ನೋಡಿ, ಪೂಜೆಮಾಡಿ ಬಾಗಿಲನ್ನು ನಿಲ್ಲಿಸುವರು. ಅದೇ ಗೃಹಸ್ಥರು ಗಣಕಯಂತ್ರವೊಂದನ್ನು ಮನೆಗೆ ತಂದಾಗ ಅದರ ತಲೆಬಾಗಿಲು ಎಂತಹದೆಂದು ಒಂದು ಗಳಿಗೆಯಾದರೂ ಯೋಚಿಸುವುದನ್ನು ನಾವು ಕಂಡುದು ಅಪೂರ್ವ. ಬ್ಯಾಂಕಿನ ಲೆಕ್ಕ, ಪಿಂಚಣಿಯ ಕಾಗದ, ಮಕ್ಕಳ ಪಾಠ, ಮದುವೆಯ ಭಾವಚಿತ್ರ, ಹೆಂಗಸರ ಪತ್ರವ್ಯವಹಾರ ಎಲ್ಲವೂ ಈಗ ಆ ಬಾಗಿಲಿನ ಒಳಗೆ ಇರತಕ್ಕವು. ಆದಕಾರಣ ಈ ಸಂಚಿಕೆಯಲ್ಲಿ ಆ ಬಾಗಿಲನ್ನೂ ಅಲ್ಲಿ ನಿಲ್ಲತಕ್ಕ ಕಾವಲುಗಾರನನ್ನೂ ಕುರಿತು ನಾಲ್ಕು ಮಾತು ಹೇಳಬಯಸುವೆವು.

ಇದನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. 2025ನೆಯ ಇಸವಿ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮುಗಿಸಿದರು. ಅದರ ಮುಂದಿನ ವ್ಯವಸ್ಥೆಯನ್ನು ಹೊರುವ ಯೋಗ್ಯತೆ ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಇಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದ ಗೃಹಸ್ಥರು, ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯ ಕಡೆಗೆ ತಿರುಗುತ್ತಿರುವರು. ವಿಂಡೋಸಿನಲ್ಲಿ ಬಾಗಿಲ ಕಾವಲುಗಾರನನ್ನು ತಯಾರಕರೇ ನೇಮಿಸಿ ಕಳುಹಿಸುವರು. ಲಿನಕ್ಸಿನಲ್ಲಾದರೋ ಆ ನೇಮಕವು ಯಜಮಾನನ ಕೈಯಲ್ಲಿರುವುದು. ಸ್ವಾತಂತ್ರ್ಯದ ಹಿಂದೆಯೇ ವಿವೇಚನೆಯ ಹೊರೆಯೂ ಬರುವುದಷ್ಟೆ.

ಯಂತ್ರದ ಗುಂಡಿಯನ್ನು ಒತ್ತಿದ ಬಳಿಕ ಕೊಂಚ ಹೊತ್ತು ಕಳೆದು, ನಮ್ಮ ಹೆಸರನ್ನೂ ಪಾಸ್‌ವರ್ಡ್ ಎಂದು ಎಲ್ಲರೂ ಕರೆಯುವ ಗುಪ್ತಪದವನ್ನೂ ಕೇಳುವ ಒಂದು ಪರದೆ ಕಾಣಿಸಿಕೊಳ್ಳುವುದನ್ನು ವಾಚಕರೆಲ್ಲರೂ ಬಲ್ಲರು. ಆ ಪರದೆಯನ್ನು ಒಡ್ಡುವ ತಂತ್ರಾಂಶಕ್ಕೆ ಲಿನಕ್ಸಿನವರು ಡಿಸ್‌ಪ್ಲೇ ಮ್ಯಾನೇಜರ್ ಎಂದು ಹೆಸರಿಟ್ಟಿರುವರು. ಬಾಗಿಲು ಕಾಯುವವನಿಗೆ ಪರದೆಯ ವ್ಯವಸ್ಥಾಪಕನೆಂಬ ಹೆಸರೇಕೆಂದು ಕೇಳಿದರೆ, ಅದಕ್ಕೊಂದು ಪೂರ್ವಕಥೆಯುಂಟು. 1988ರ ಅಕ್ಟೋಬರಿನಲ್ಲಿ ಎಕ್ಸ್ ಎಂಬ ಚಿತ್ರವ್ಯವಸ್ಥೆಯ ಮೂರನೆಯ ಬಿಡುಗಡೆಯೊಡನೆ ಕೀತ್ ಪ್ಯಾಕರ್ಡ್ ಎಂಬವರು ರಚಿಸಿದ ಎಕ್ಸ್‌ಡಿಎಂ ಎಂಬ ತಂತ್ರಾಂಶವು ಹೊರಬಂದಿತು. ಆಗ ದೊಡ್ಡ ಯಂತ್ರವೊಂದಕ್ಕೆ ಅನೇಕ ಪರದೆಗಳನ್ನು ದೂರದೂರದಲ್ಲಿ ಜೋಡಿಸುವ ಪದ್ಧತಿ ಬರುತ್ತಿದ್ದಿತು. ಆ ಪರದೆಗಳ ಮುಂದೆ ಕುಳಿತವರು ಯಾರೆಂದು ವಿಚಾರಿಸಿ ಒಳಗೆ ಬಿಡುವುದೇ ಇದರ ಕೆಲಸವಾಗಿದ್ದಿತು. ಪರದೆಗಳ ಗುಂಪು ಹೋಯಿತು, ಹೆಸರು ಉಳಿಯಿತು. ನಾವು ಮಾತ್ರ ಇದನ್ನು ದ್ವಾರಪಾಲಕನೆಂದೇ ಕರೆಯುವೆವು.

ಈ ದ್ವಾರಪಾಲಕನ ಕರ್ತವ್ಯಗಳು ಮೂರು. ಬಂದವರ ಹೆಸರನ್ನೂ ಗುಪ್ತಪದವನ್ನೂ ಕೇಳಿಕೊಳ್ಳುವುದು ಮೊದಲನೆಯದು. ಅವರವರ ಕೋಣೆಯನ್ನು ಅವರವರಿಗೆ ತೆರೆದುಕೊಡುವುದು ಎರಡನೆಯದು. ಅವರು ಹೊರಟುಹೋದ ಮೇಲೆ ಮರಳಿ ಬಾಗಿಲಿಗೆ ಬಂದು ನಿಲ್ಲುವುದು ಮೂರನೆಯದು. ಗುಪ್ತಪದವು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರವು ಇವನದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೇಳಿದುದನ್ನು ಇವನು ಒಳಗಿನ ಪ್ಯಾಮ್ ಎಂಬ ಅಧಿಕಾರಿಗೆ ಒಪ್ಪಿಸುವನು. 1995ರಲ್ಲಿ ಸನ್ ಸಂಸ್ಥೆಯವರು ರೂಪಿಸಿದ ಈ ಏರ್ಪಾಡನ್ನೇ ಲಿನಕ್ಸಿನವರೂ ಅನುಸರಿಸಿರುವರು. ಯಾವ ದ್ವಾರಪಾಲಕನನ್ನು ನಿಲ್ಲಿಸಿದರೂ ಒಳಗಿನ ಅಧಿಕಾರಿಯು ಒಬ್ಬನೇ. ಆದುದರಿಂದ ದ್ವಾರಪಾಲಕನನ್ನು ಬದಲಾಯಿಸಿದೊಡನೆ ಮನೆಯು ಹೆಚ್ಚು ಭದ್ರವಾಯಿತೆಂದು ನಂಬುವುದು ಸರಿಯಲ್ಲ. ಬದಲಾಗುವುದು ಹೆಚ್ಚಾಗಿ ಬಂದವರನ್ನು ಮಾತನಾಡಿಸುವ ರೀತಿ.

ಆ ಒಳಗಿನ ಅಧಿಕಾರಿಯಾದರೂ ನಮ್ಮ ಗುಪ್ತಪದವನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ಮತ್ತೆ ಮೊದಲಿನಂತೆ ಮಾಡಲಾಗದ ಹಾಗೆ ಅರೆದು, ಆ ಪುಡಿಯ ಗುರುತನ್ನಷ್ಟೇ ಇಟ್ಟುಕೊಂಡಿರುವುದು. ಈ ಎಚ್ಚರವು ಪೆಟ್ಟುತಿಂದು ಕಲಿತದ್ದು. 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ, ಒಳಬರುವವರಿಗೆ ಆ ದಿನದ ಪ್ರಕಟಣೆಯನ್ನು ತೋರಿಸುವ ಪದ್ಧತಿಯಿದ್ದಿತು. ಒಂದು ದಿನ ಎರಡು ಕಡತಗಳು ಅದಲುಬದಲಾಗಿ, ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಒಳಬಂದವರೆಲ್ಲರ ಮುಂದೆ ಅಚ್ಚಾಗತೊಡಗಿತು! ಬಾಗಿಲಲ್ಲಿ ಏನು ಕಾಣಬೇಕು, ಏನು ಕಾಣಕೂಡದು ಎಂಬ ಪ್ರಶ್ನೆಯು ಅಂದಿನಿಂದಲೂ ದೊಡ್ಡದೇ ಆಗಿರುವುದು.

ಇನ್ನು ಉಮೇದುವಾರರ ವಿಚಾರ. ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣತಕ್ಕವರು ಮೂವರು: ಜಿಡಿಎಂ, ಎಸ್‌ಡಿಡಿಎಂ, ಲೈಟ್‌ಡಿಎಂ.

ಜಿಡಿಎಂ ಎಂಬುದು ಗ್ನೋಮ್ ಎಂಬ ಮೇಜುಪರಿಸರದ ಸ್ವಂತ ದ್ವಾರಪಾಲಕ. ಉಬುಂಟು ವ್ಯವಸ್ಥೆಯವರು 2017ರ ಅಕ್ಟೋಬರಿನಲ್ಲಿ ಗ್ನೋಮ್ ಪರಿಸರಕ್ಕೆ ಮರಳಿದಾಗ ಇದನ್ನೇ ನೇಮಿಸಿಕೊಂಡರು. ಇದು ತನ್ನ ಪರದೆಯನ್ನು ತೋರಿಸಲು ಗ್ನೋಮ್ ಪರಿಸರದ ಬಹುಭಾಗವನ್ನು ಎಬ್ಬಿಸಬೇಕಾದುದರಿಂದ, ನೆನಪಿನ ಶಕ್ತಿ ಕಡಮೆಯಿರುವ ಹಳೆಯ ಯಂತ್ರಗಳಿಗೆ ಕೊಂಚ ಭಾರವೇ ಸರಿ. ಆದರೆ ಗ್ನೋಮ್ ಪರಿಸರವನ್ನು ಬಳಸುವವರು ಇದನ್ನು ತೆಗೆದುಹಾಕುವ ಮುನ್ನ ಒಂದು ಸಂಗತಿಯನ್ನು ತಿಳಿದಿರಬೇಕು. ಕೆಲಸದ ನಡುವೆ ಎದ್ದುಹೋಗುವಾಗ ಪರದೆಗೆ ಬೀಗಹಾಕುವೆವಷ್ಟೆ? ಗ್ನೋಮ್ ಪರಿಸರದಲ್ಲಿ ಆ ಬೀಗವು ಜಿಡಿಎಂ ಅನ್ನೇ ನಂಬಿಕೊಂಡಿರುವುದು. ಅಲಂಕಾರದ ಆಸೆಯಿಂದ ಇದನ್ನು ಬಿಡಿಸಿ ಬೇರೊಬ್ಬನನ್ನು ನಿಲ್ಲಿಸಿದರೆ ಹೊರಬಾಗಿಲು ಚೆಲುವಾಗುವುದು, ಒಳಬಾಗಿಲಿನ ಬೀಗ ಇಲ್ಲವಾಗುವುದು.

ಎಸ್‌ಡಿಡಿಎಂ ಎಂಬುದನ್ನು ಕೆಡಿಇ ಸಮುದಾಯದವರು 2014ರಲ್ಲಿ ಪ್ಲಾಸ್ಮಾ 5 ಎಂಬ ಪರಿಸರದೊಡನೆ ತಮ್ಮ ಹಿಂದಿನ ಕೆಡಿಎಂ ಎಂಬುದರ ಸ್ಥಾನದಲ್ಲಿ ತಂದರು. ಕ್ಯೂಎಂಎಲ್ ಎಂಬ ಭಾಷೆಯಲ್ಲಿ ಬರೆದ ಅಲಂಕಾರಗಳನ್ನು ತೊಡಿಸಿ ಇದರ ರೂಪವನ್ನು ಹೇಗೆ ಬೇಕಾದರೂ ಮಾರ್ಪಡಿಸಬಹುದು. ತರುಣರಿಗೆ ಇದರಲ್ಲಿ ಪ್ರೀತಿ ಹೆಚ್ಚು.

ಲೈಟ್‌ಡಿಎಂ ಎಂಬುದು 2011ರ ಅಕ್ಟೋಬರಿನಿಂದ 2017ರ ಬದಲಾವಣೆಯವರೆಗೆ ಉಬುಂಟುವಿನ ಬಾಗಿಲನ್ನು ಕಾಯ್ದಿತು. ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯವರು 2017ರಲ್ಲಿ ಇದನ್ನು ಅಂಗೀಕರಿಸಿದರು. ಇದರ ವಿಶೇಷವೇನೆಂದರೆ, ಕಾವಲಿನ ಕೆಲಸವನ್ನು ಮಾಡುವ ಭಾಗವೂ ಬಂದವರನ್ನು ಮಾತನಾಡಿಸುವ ಭಾಗವೂ ಬೇರೆಬೇರೆ. ಮಾತನಾಡಿಸುವ ಭಾಗಕ್ಕೆ ಗ್ರೀಟರ್ ಎಂದು ಹೆಸರು. ಅದನ್ನು ಮಾತ್ರ ಬದಲಾಯಿಸಿ ಕಾವಲನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಯಾವ ಒಂದು ಮೇಜುಪರಿಸರಕ್ಕೂ ಕಟ್ಟುಬೀಳದೆ ಹಗುರವಾಗಿ ನಡೆಯುವುದರಿಂದ ಹಳೆಯ ಯಂತ್ರಗಳಿಗೆ ಇದು ಅನುಕೂಲ.

ಹಾಗಾದರೆ ಮೂವರಲ್ಲಿ ಯಾರನ್ನು ಆರಿಸಬೇಕು? ಯಾರ ಮುಖ ಚೆನ್ನಾಗಿದೆಯೆಂದು ನೋಡುವುದು ಲೋಕರೂಢಿ. ನಮ್ಮ ಅಭಿಪ್ರಾಯದಲ್ಲಿ ನೋಡತಕ್ಕುದು ಬೇರೆ: ಆ ಬಾಗಿಲನ್ನು ದಾಟಲು ಮನೆಯಲ್ಲಿ ಯಾರಿಗೆ ಎಲ್ಲರಿಗಿಂತಲೂ ಹೆಚ್ಚು ಕಷ್ಟವಾಗುವುದೋ ಅವರನ್ನು ಮುಂದಿಟ್ಟುಕೊಂಡು ಆರಿಸಬೇಕು.

ನಾವು ಬಲ್ಲ ಮನೆಯೊಂದರಲ್ಲಿ ನಡೆದುದನ್ನು ಹೇಳುವೆವು. ಕಾಲೇಜಿನಲ್ಲಿ ಓದುವ ಹುಡುಗನು ಮನೆಯ ಹಳೆಯ ಯಂತ್ರಕ್ಕೆ ಲಿನಕ್ಸನ್ನು ಹಾಕಿ, ಜಲಪಾತದ ಚಿತ್ರವಿರುವ ಒಂದು ಪ್ರವೇಶದ ಪರದೆಯನ್ನು ಎಲ್ಲಿಂದಲೋ ತಂದು ತೊಡಿಸಿದನು. ನೊರೆಯ ಬಿಳುಪಿನ ಮೇಲೆ ಬಿಳಿಯ ಸಣ್ಣ ಅಕ್ಷರಗಳು; ಹೆಸರಿನ ಪಟ್ಟಿಯಿಲ್ಲ; ಬರೆಯುವ ಸ್ಥಳವೂ ಗೆರೆಯಷ್ಟು ತೆಳುವು. ಅವನ ಅಜ್ಜನವರಿಗೆ ಕಣ್ಣಿನ ಪೊರೆಯ ತೊಂದರೆ. ನಿತ್ಯವೂ ಬೆಳಗ್ಗೆ ಪತ್ರಿಕೆಗಳನ್ನು ಯಂತ್ರದಲ್ಲಿ ದೊಡ್ಡದು ಮಾಡಿಕೊಂಡು ಓದುವುದೂ, ಪಿಂಚಣಿ ಬಂದಿತೇ ಎಂದು ತಾವೇ ನೋಡಿಕೊಳ್ಳುವುದೂ ಅವರ ಅಭ್ಯಾಸ. ಈಗ ಬಾಗಿಲೇ ಕಾಣಿಸದೆ “ಮಗು, ಸ್ವಲ್ಪ ಬಂದು ತೆಗೆದುಕೊಡಪ್ಪ” ಎಂದು ದಿನವೂ ಕರೆಯಬೇಕಾಯಿತು. ಹುಡುಗನು ಕೆಲವು ದಿನ ಬಂದನು. ಬಳಿಕ ಬೇಸರಪಟ್ಟು ತನ್ನ ಗುಪ್ತಪದವನ್ನೇ ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿ, ಎಲ್ಲರೂ ಒಂದೇ ಕೋಣೆಯನ್ನು ಬಳಸಿರೆಂದನು. ಒಂದು ತಿಂಗಳಾಗುವುದರೊಳಗೆ ಅಜ್ಜನವರು ಯಂತ್ರದ ಬಳಿಗೆ ಹೋಗುವುದನ್ನೇ ಬಿಟ್ಟರು. ಕೇಳಿದರೆ “ಓದುವುದಕ್ಕೇನಿದೆ ಬಿಡಿ” ಎನ್ನುವರು. ಕೊನೆಗೆ ಇದನ್ನು ಕಂಡುಹಿಡಿದವಳು ಆ ಮನೆಯ ಸೊಸೆ. ಅವಳು ಮಗನನ್ನು ಕೂರಿಸಿ, ಆ ಚಿತ್ರವನ್ನು ತೆಗೆಸಿ, ಮಾವನವರಿಗೆ ಅವರದೇ ಹೆಸರಿನ ಖಾತೆಯನ್ನು ಮಾಡಿಸಿ, ಅಕ್ಷರಗಳನ್ನು ದಪ್ಪವಾಗಿಸಿದಳು. ಮರುದಿನದಿಂದ ಪತ್ರಿಕೆಯ ಓದು ಮೊದಲಿನಂತೆ ನಡೆಯಿತು.

ಹುಡುಗನು ಕೆಟ್ಟವನಲ್ಲ, ಬಾಗಿಲನ್ನು ತನ್ನ ಕಣ್ಣಿಗೆ ತಕ್ಕಂತೆ ಮಾಡಿಕೊಂಡನು, ಅಷ್ಟೆ. ವೈಕುಂಠದ ಏಳನೆಯ ಬಾಗಿಲಿನಲ್ಲಿ ಜಯವಿಜಯರು ಸನಕಾದಿಗಳನ್ನು ತಡೆದು ಶಾಪಕ್ಕೆ ಗುರಿಯಾದುದನ್ನು ಭಾಗವತವನ್ನು ಕೇಳಿದವರೆಲ್ಲ ಬಲ್ಲರು. ಕಳ್ಳನನ್ನು ಒಳಗೆ ಬಿಡುವುದೊಂದೇ ದ್ವಾರಪಾಲಕನ ಅಪರಾಧವಲ್ಲ; ಒಳಗೆ ಹೋಗಲು ಅಧಿಕಾರವುಳ್ಳವರನ್ನು ಹೊರಗೆ ನಿಲ್ಲಿಸುವುದೂ ಅಷ್ಟೇ ದೊಡ್ಡ ಅಪರಾಧ.

ಆದುದರಿಂದ ದ್ವಾರಪಾಲಕನನ್ನು ನೇಮಿಸುವ ಮುನ್ನ ಈ ಕೆಲವು ಪರೀಕ್ಷೆಗಳನ್ನು ಮಾಡುವುದು ಉಚಿತ.

ಮೊದಲನೆಯದು ಕಣ್ಣು ಕಿವಿಗಳ ಪರೀಕ್ಷೆ. ಜಿಡಿಎಂ ಪರದೆಯ ಮೇಲೆ ಮನುಷ್ಯಾಕೃತಿಯ ಗುರುತೊಂದನ್ನು ಒತ್ತಿದರೆ ಅಕ್ಷರವನ್ನು ದೊಡ್ಡದುಮಾಡುವುದು, ಬಣ್ಣಗಳ ಅಂತರವನ್ನು ಹೆಚ್ಚಿಸುವುದು, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಸುವುದು ಮೊದಲಾದ ಸೌಕರ್ಯಗಳು ದೊರೆಯುವುವು. ಲೈಟ್‌ಡಿಎಂನ ಜಿಟಿಕೆ ಗ್ರೀಟರಿನಲ್ಲಿಯೂ ದೊಡ್ಡ ಅಕ್ಷರ ಮತ್ತು ಗಾಢವರ್ಣಗಳ ಏರ್ಪಾಡು ಉಂಟು. ದೃಷ್ಟಿಯಿಲ್ಲದವರು ಮನೆಯಲ್ಲಿದ್ದರೆ, ಬಾಗಿಲಲ್ಲಿಯೇ ಓದಿಹೇಳುವ ದ್ವಾರಪಾಲಕನನ್ನು ಬಿಟ್ಟು ಬೇರೊಬ್ಬನನ್ನು ನೇಮಿಸಕೂಡದು. ಒಳಗೆ ಎಷ್ಟು ಸೌಕರ್ಯವಿದ್ದರೇನು, ಒಳಗೆ ಹೋಗಲಾಗದವರಿಗೆ?

ಎರಡನೆಯದು ಲಿಪಿಯ ಪರೀಕ್ಷೆ. ಕನ್ನಡವನ್ನು ಬರೆಯುವವರು ಕೀಲಿಮಣೆಯನ್ನು ಕನ್ನಡಕ್ಕೂ ಇಂಗ್ಲಿಷಿಗೂ ತಿರುಗಿಸುತ್ತಿರುವರು. ಪ್ರವೇಶದ ಪರದೆಯಲ್ಲಿ ಬರೆದುದು ಚುಕ್ಕೆಗಳಾಗಿ ಮಾತ್ರ ಕಾಣುವುದರಿಂದ, ಕೀಲಿಮಣೆಯು ಯಾವ ಲಿಪಿಯಲ್ಲಿದೆಯೆಂದು ತಿಳಿಯದೆ, ಸರಿಯಾದ ಗುಪ್ತಪದವೂ ತಪ್ಪಾಗುವುದುಂಟು. ಈಗ ಯಾವ ಲಿಪಿಯಿದೆಯೆಂಬುದನ್ನು ಪರದೆಯ ಮೇಲೆಯೇ ತೋರಿಸುವ ದ್ವಾರಪಾಲಕನು ಕನ್ನಡಿಗರ ಮನೆಗೆ ಯೋಗ್ಯ. ಇಷ್ಟಾದರೂ ಗುಪ್ತಪದವನ್ನು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿಯೇ ಇಟ್ಟುಕೊಳ್ಳುವುದು ಮೇಲು. ಚಿತ್ರವ್ಯವಸ್ಥೆಯು ಕೆಟ್ಟುನಿಂತಾಗ ದೊರೆಯುವ ಬರಿಯ ಅಕ್ಷರಪರದೆಯಲ್ಲಿ ಕನ್ನಡವು ಮೂಡುವುದಿಲ್ಲ.

ಮೂರನೆಯದು ಹೆಸರುಗಳ ಪಟ್ಟಿ. ಮನೆಯವರ ಹೆಸರುಗಳೆಲ್ಲ ಸಾಲಾಗಿ ಕಾಣಿಸಿದರೆ ಮಕ್ಕಳಿಗೂ ವೃದ್ಧರಿಗೂ ಅನುಕೂಲ. ತಮ್ಮ ಹೆಸರನ್ನು ಮುಟ್ಟಿದರೆ ಸಾಕು. ಹೊರಗಿನವರು ಬಂದುಹೋಗುವ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಇರುವ ಯಂತ್ರವಾದರೆ ಪಟ್ಟಿಯನ್ನು ಮರೆಮಾಡುವುದು ವಿವೇಕ. ಜಿಡಿಎಂ ಮತ್ತು ಲೈಟ್‌ಡಿಎಂ ಇವೆರಡರಲ್ಲಿಯೂ ಪಟ್ಟಿಯನ್ನು ಮರೆಮಾಡಲು ಅವಕಾಶವಿದೆ.

ನಾಲ್ಕನೆಯದು ಏನನ್ನೂ ಕೇಳದೆ ನೇರವಾಗಿ ಒಳಗೆ ಬಿಡುವ ಏರ್ಪಾಡು. ಒಬ್ಬರೇ ಇರುವ ಮನೆಯಲ್ಲಿ ಇದು ಸಲ್ಲಬಹುದು. ಆದರೆ ಒಳಗಿನ ಗುಪ್ತಪದಗಳ ಪೆಟ್ಟಿಗೆಯು ಸಾಮಾನ್ಯವಾಗಿ ಬಾಗಿಲಲ್ಲಿ ಹೇಳಿದ ಗುಪ್ತಪದದಿಂದಲೇ ತೆರೆದುಕೊಳ್ಳತಕ್ಕುದು. ಬಾಗಿಲಲ್ಲಿ ಕೇಳದೆ ಬಿಟ್ಟರೆ, ಒಳಗೆ ಹೋದಮೇಲೆ ಆ ಪೆಟ್ಟಿಗೆಯು ತಾನೇ ಕೇಳುವುದು. ಉಳಿತಾಯವಾದ ಶ್ರಮವು ಬಹಳವೇನೂ ಇಲ್ಲ.

ಹಾಗಾದರೆ ಸೌಂದರ್ಯವೇ ಬೇಡವೇ ಎಂದು ತರುಣರು ಶಂಕಿಸಬಹುದು. ಬೇಡವೆಂದು ಯಾರು ಹೇಳುವರು? ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದ್ವಾರಪಾಲಕರ ಮೈಮೇಲೆ ಆಭರಣವಿಲ್ಲದ ಎಡೆಯೇ ಅಪೂರ್ವ. ಆದರೆ ಅವರು ಬಾಗಿಲಿನ ಎರಡು ಪಕ್ಕಗಳಲ್ಲಿ ನಿಂತಿರುವರೇ ಹೊರತು ನಡುವೆ ಅಡ್ಡವಾಗಿ ನಿಂತಿಲ್ಲ. ಪರದೆಯ ಅಲಂಕಾರಕ್ಕೂ ಇದೇ ಮಿತಿ. ಅಲ್ಲದೆ, ಅಪರಿಚಿತರು ಮಾಡಿದ ಅಲಂಕಾರಗಳು ಬರಿಯ ಚಿತ್ರಗಳಲ್ಲ. ಅವುಗಳೊಳಗೆ ಯಂತ್ರಕ್ಕೆ ಕೊಡುವ ಆಜ್ಞೆಗಳೂ ಅಡಗಿರಬಹುದು. 2024ರ ಮಾರ್ಚ್ ತಿಂಗಳಿನಲ್ಲಿ ಪ್ಲಾಸ್ಮಾ ಪರಿಸರಕ್ಕೆಂದು ಹೊರಗಿನವರು ಮಾಡಿದ ಅಲಂಕಾರವೊಂದನ್ನು ತೊಡಿಸಿದ ಬಳಕೆದಾರನೊಬ್ಬನ ಕಡತಗಳು ಅಳಿಸಿಹೋಗಿ, ಕೆಡಿಇಯವರೇ ಎಚ್ಚರಿಕೆ ಕೊಡಬೇಕಾಯಿತು. ಬೀದಿಯಲ್ಲಿ ಸಿಕ್ಕಿದವನ ಕೈಯಲ್ಲಿ ಬಾಗಿಲಿಗೆ ಬಣ್ಣ ಹೊಡೆಸುವವರು ಅವನನ್ನು ಕೊಂಚ ವಿಚಾರಿಸಬೇಡವೇ?

ಇನ್ನೊಂದು ಭ್ರಮೆಯನ್ನೂ ಬಿಡಿಸಬೇಕಾಗಿದೆ. ಪ್ರವೇಶದ ಪರದೆಯು ಗುಪ್ತಪದವನ್ನು ಕೇಳುವುದರಿಂದ ಒಳಗಿನ ಸೊತ್ತೆಲ್ಲ ಭದ್ರವೆಂದು ಅನೇಕರು ತಿಳಿದಿರುವರು. ಯಂತ್ರವನ್ನೇ ಕದ್ದೊಯ್ದವನು ಬಾಗಿಲಿಗೆ ಬರುವುದೇ ಇಲ್ಲ. ಗೋಡೆಗೆ ಕನ್ನ ಕೊರೆಯುವನು. ಒಳಗಿನ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಕಡತಗಳನ್ನೆಲ್ಲ ಓದಬಹುದು. ಇದಕ್ಕೆ ಪರಿಹಾರವು ದ್ವಾರಪಾಲಕನಲ್ಲ, ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವುದು. ಲಿನಕ್ಸನ್ನು ಯಂತ್ರಕ್ಕೆ ಹಾಕುವಾಗಲೇ ಇದಕ್ಕೆ ಒಪ್ಪಿಗೆ ಕೊಡುವುದು ಸುಲಭ. ಆ ಗುಪ್ತಪದವನ್ನು ಮರೆತರೆ ಡಿಸ್ಕಿನಲ್ಲಿರುವುದನ್ನು ತೆರೆಯುವ ಬೇರೆ ದಾರಿಯಿರುವುದಿಲ್ಲ. ಆದುದರಿಂದ ಅದನ್ನು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರಗಳೊಡನೆ ಬೀರುವಿನಲ್ಲಿಡತಕ್ಕುದು. ಪರದೆಯ ಮೂಲೆಯಲ್ಲಿ ಅಂಟಿಸತಕ್ಕುದಲ್ಲ.

ಬದಲಾವಣೆ ಮಾಡಲೇಬೇಕೆನ್ನುವವರಿಗೆ ಕ್ರಮವನ್ನು ಹೇಳುವೆವು. ಹೊಸಬನು ಸರಿಯಾಗಿ ಕೆಲಸ ಮಾಡುವನೆಂದು ಎರಡು ಮೂರು ಬಾರಿ ಯಂತ್ರವನ್ನು ಆರಿಸಿ ಹೊತ್ತಿಸಿ ನೋಡುವವರೆಗೆ ಹಳಬನನ್ನು ಕಳುಹಿಸಬೇಡಿರಿ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಎರಡನೆಯವನನ್ನು ಸ್ಥಾಪಿಸುವಾಗ, ಇಬ್ಬರಲ್ಲಿ ಯಾರು ಬಾಗಿಲಲ್ಲಿ ನಿಲ್ಲಬೇಕೆಂದು ಯಂತ್ರವೇ ಪಟ್ಟಿಯನ್ನು ಮುಂದಿಟ್ಟು ಕೇಳುವುದು. ಇಬ್ಬರೂ ಮನೆಯಲ್ಲಿರಬಹುದು, ಬಾಗಿಲಲ್ಲಿ ಒಬ್ಬನೇ ನಿಲ್ಲುವನು. ಒಂದು ವೇಳೆ ಹೊಸಬನು ಕೈಕೊಟ್ಟು ಪರದೆಯು ಕಪ್ಪಾಗಿಯೇ ಉಳಿದರೆ ಗಾಬರಿಬೇಡ. ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಬರಿಯ ಅಕ್ಷರಪರದೆಯು ತೆರೆಯುವುದು. ಬಲ್ಲವರು ಆ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಹಳಬನನ್ನು ಮತ್ತೆ ಕರೆತರಬಹುದು.

ಇಷ್ಟನ್ನು ಕೂಡಿಸಿ ನೋಡಿದರೆ ತೀರ್ಪು ಸರಳ. ಗ್ನೋಮ್ ಪರಿಸರದವರಿಗೆ ಜಿಡಿಎಂ. ಪ್ಲಾಸ್ಮಾ ಪರಿಸರದವರಿಗೆ ಅವರ ವ್ಯವಸ್ಥೆಯೊಡನೆ ಬಂದುದೇ. ಲಿನಕ್ಸ್ ಮಿಂಟ್ ಮತ್ತು ಎಕ್ಸ್‌ಎಫ್‌ಸಿಇ ಪರಿಸರದವರಿಗೂ, ಹಳೆಯ ಬಡಯಂತ್ರದವರಿಗೂ ಲೈಟ್‌ಡಿಎಂ. ಮನೆಯೊಡನೆ ಬಂದ ದ್ವಾರಪಾಲಕನನ್ನು ಮನೆಯ ಯಾರಿಗಾದರೂ ತೊಂದರೆಯಾದ ಹೊರತು ಬದಲಾಯಿಸಬೇಕಾದುದಿಲ್ಲ. ಆ ಶ್ರಮವನ್ನು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಖಾತೆಯನ್ನು ಮಾಡಿಕೊಡುವುದರಲ್ಲಿ ವಿನಿಯೋಗಿಸುವುದು ಲೇಸು. ಶಾಲೆಗೆ ಹೋಗುವ ಮಗಳಿಗೂ, ಅಡುಗೆಯ ಲೆಕ್ಕ ಬರೆಯುವ ಗೃಹಿಣಿಗೂ, ವೃದ್ಧರಾದ ತಂದೆತಾಯಿಗಳಿಗೂ ತಮ್ಮದೆಂಬ ಒಂದು ಕೋಣೆ ಅಲ್ಲಿರಬೇಕು. ಒಬ್ಬರ ಕಡತವನ್ನು ಇನ್ನೊಬ್ಬರು ಅರಿಯದೆ ಅಳಿಸುವ ಪ್ರಮೇಯವೂ, ಒಬ್ಬರ ಪತ್ರವನ್ನು ಇನ್ನೊಬ್ಬರು ಓದುವ ಸಂಕೋಚವೂ ಇದರಿಂದ ತಪ್ಪುವುವು.

ನಮ್ಮ ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದು ಹೇಳುವರು: ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕನ್ನು ಕೊಡುವುದು. ಪ್ರವೇಶದ ಪರದೆಯು ಹಾಗಿರಬೇಕು. ಹೊರಗಿನವರನ್ನು ತೋರಿಸಬೇಕು, ಮನೆಯವರಿಗೆ ದಾರಿಯನ್ನೂ ಕಾಣಿಸಬೇಕು. ಹಾಗಿದೆಯೋ ಇಲ್ಲವೋ ಎಂದು ತಿಳಿಯಲು ಪಂಡಿತರನ್ನು ಕರೆಸಬೇಕಾಗಿಲ್ಲ. ಈ ಭಾನುವಾರ ಬೆಳಗ್ಗೆ ಮನೆಯ ಅತ್ಯಂತ ಹಿರಿಯರನ್ನು ಆರಿಸಿದ ಯಂತ್ರದ ಮುಂದೆ ಕುಳ್ಳಿರಿಸಿ, ಅವರು ತಾವಾಗಿಯೇ ಒಳಗೆ ಹೋಗುವರೋ ಎಂದು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿರಿ. ಅವರ ಕೈ ಎಲ್ಲಿ ತಡವರಿಸುವುದೋ ಅಲ್ಲಿಂದ ದುರಸ್ತಿಯನ್ನು ಆರಂಭಿಸಿರಿ.